ಸದ್ದಿಲ್ಲದವರು

ನನ್ನ ಎರಡು ಕಣ್ಣಿಗೂ ನಡುಭಾಗವಿಲ್ಲ. ಅಂಚು ಮಾತ್ರ ಇದೆ, ಮನೆಯ ಮುಂದಿನ ಗ್ಯಾಲರಿಯ ಕಂಬಿಯ ಮೇಲೆ ಕಂದು ಬಣ್ಣದ್ದೇನೋ ಕೂತಿದೆ, ಪಾರಿವಾಳವೋ ಒಣಗಲು ಹಾಕಿದ ಕಾಲುಚೀಲವೋ, ನೇರ ನೋಡಿದರೆ ಹೋಗಿಬಿಡುತ್ತದೆ, ಅದು ಇದ್ದ ಕಡೆ ಬೂದಿ ಬಣ್ಣದ ಕಲೆ, ಕಲೆಯ ಸುತ್ತ ಕಂಬಿ, ಕಂಬಿಯಾಚೆ ಮಾರ್ಚ್ ತಿಂಗಳ ಬೆಳಕು, ಪಕ್ಕದ ನೀರಿನ ಪೈಪನ್ನು ನೋಡುವವನ ಹಾಗೆ ಕತ್ತು ತಿರುಗಿಸಿದರೆ ಮತ್ತೆ ಬಂದು ಕೂರುತ್ತದೆ – ನೋಡಬೇಕಾದ್ದನ್ನು ನೋಡಬಾರದು, ಅದರ ಪಕ್ಕವನ್ನು ನೋಡಬೇಕು, ಎರಡು ವರ್ಷದಲ್ಲಿ ಕಲಿತದ್ದು ಇಷ್ಟೇ. ಕಲ್ಯಾಣದ ಕಡೆಗೆ ಲೋಕಲ್ ರೈಲು ಹೋಯಿತು, ಠಾಕುರ್ಲಿಯಲ್ಲಿ ನಿಲ್ಲುವ ಗಾಡಿಯ ಸದ್ದು ಬೇರೆ, ನಿಲ್ಲದೆ ಹೋಗುವ ಗಾಡಿಯ ಸದ್ದು ಬೇರೆ, ಇದು ನಿಂತಿತು. ಕೆಳಗೆ ತಗಡಿನ ಟ್ರಂಕನ್ನು ಸಿಮೆಂಟಿನ ಮೇಲೆ ಎಳೆಯುತ್ತಿದ್ದಾರೆ. ಸದ್ದಿದೆ, ಹಾಗಾದರೆ ನಿಜ. ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಾರೆ, ಅದಕ್ಕೂ ಸದ್ದಿದೆ. ಟೆಂಪೋದ ಹಿಂಬದಿಯ ಬಾಗಿಲು ಇಳಿಸಿದರು, ಕಬ್ಬಿಣಕ್ಕೆ ಕಬ್ಬಿಣ. ಮಾನಪ್ಪ ಹೋಗುತ್ತಿದ್ದಾನೆ. ಹನ್ನೊಂದು ವರ್ಷ ನಮ್ಮ ಹೌಸಿಂಗ್ ಸೊಸೈಟಿಯ ವಾಚ್‌ಮನ್ ಆಗಿದ್ದವನು, ಪಂಪಿನ ಪಕ್ಕದ ಕೋಣೆಯಲ್ಲಿ ಹೆಂಡತಿ ಅನಸೂಯಾಳ ಜೊತೆ ಇದ್ದವನು, ಇಂದು ಶನಿವಾರ ಕೋಣೆ ಖಾಲಿ ಮಾಡುತ್ತಿದ್ದಾನೆ, ನನಗೆ ಯಾರೂ ಹೇಳಲಿಲ್ಲ, ಬೆಳಿಗ್ಗೆ ಕಾಫಿ ಕೊಡುವಾಗ ನನ್ನ ಹೆಂಡತಿ ರಮಾಮಣಿ ಇಷ್ಟೇ ಅಂದಳು, ವಾಚ್‌ಮನ್ ಬದಲಾಗ್ತಾನಂತೆ ಕಣ್ರೀ – ಬಲ್ಬ್ ಬದಲಾಯಿಸುವವರ ಹಾಗೆ. ನಾನು ಅವನ ಸಾಕ್ಷಿಯಾಗಿದ್ದೆ. ಒಬ್ಬನೇ ಸಾಕ್ಷಿ.

ಅಡುಗೆಮನೆಯಲ್ಲಿ ಬಳೆ ಸದ್ದು. ಅವಳೇ. ಆ ಬಳೆ ಹಾಕಿಸಿದವನು ನಾನು. ಅವಳ ಮುಖ ನನಗೆ ಎರಡು ವರ್ಷದಿಂದ ಇಲ್ಲ, ಮುಖ ಇರಬೇಕಾದ ಕಡೆ ಕಲೆ, ಕಲೆಯ ಸುತ್ತ ಕೂದಲು, ಕೆಳಗೆ ಸೀರೆ, ಆದರೆ ಇಲ್ಲದವರ ಮುಖ ಮಾತ್ರ ಮೂಗಿನ ಪಕ್ಕದ ಮಚ್ಚೆ ಸಮೇತ ಕಾಣುತ್ತದೆ, ಇದೇ ಮೊದಲ ಮೋಸ. ಮೊದಲು ಬಂದವರು ಟೋಪಿಯವರು. ಒಂದು ಸಂಜೆ ಅಡುಗೆಮನೆಯಲ್ಲಿ, ನೀರಿನ ಫಿಲ್ಟರಿನ ಕೆಳಗೆ, ಮೊಳಕಾಲೆತ್ತರದ ಏಳು ಗಂಡಸರು, ಎತ್ತರದ ಟೋಪಿ, ಟೋಪಿಗೆ ಜರಿ ಕೆಲಸ, ಉದ್ದನೆಯ ಕೋಟು, ಕೋಟಿಗೆ ಒಂಬತ್ತು ಗುಂಡಿ, ಎಣಿಸಿದ್ದೇನೆ, ಪೇಪರಿನ ತಲೆಬರಹ ಓದಲಾಗದವನು ಗುಂಡಿ ಎಣಿಸಿದ್ದೇನೆ, ಅವರು ನನ್ನ ಕಡೆ ನೋಡುವುದಿಲ್ಲ, ಪ್ಲಾಟ್‌ಫಾರ್ಮಿನಲ್ಲಿ ಗಾಡಿಗೆ ಕಾಯುವವರ ಹಾಗೆ ಒಂದೇ ದಿಕ್ಕಿಗೆ ನೋಡುತ್ತ ನಿಂತಿದ್ದಾರೆ. ಯಾರೇ ಅದು ಅಂದೆ. ಯಾರೂ ಇಲ್ವಲ್ರೀ ಅಂದಳು. ಆಮೇಲೆ ಬಚ್ಚಲಲ್ಲಿ ಇಲ್ಲದ ಇಟ್ಟಿಗೆ ಗೋಡೆ, ಹಾಸಿಗೆಯ ಮೇಲೆ ಮುಳ್ಳುಬೇಲಿ, ಟಿವಿಯ ಪಕ್ಕ ಕೂತು ತಲೆ ಬಾಚಿಕೊಳ್ಳುವ ನಾಲ್ಕು ಹೆಂಗಸರು, ಬಾಚಣಿಗೆ ಕೂದಲಿನಲ್ಲಿ ಇಳಿಯುತ್ತದೆ, ಸದ್ದಿಲ್ಲ. ಮೈಸೂರಿನಲ್ಲಿ ನಮ್ಮ ದೊಡ್ಡಪ್ಪನನ್ನು ಹುಚ್ಚು ಅಂತ ಹಿಂದಿನ ಕೋಣೆಯಲ್ಲಿ ಕೂಡಿಹಾಕಿದ್ದರು, ತಟ್ಟೆಯನ್ನು ಬಾಗಿಲ ಸಂದಿಯಿಂದ ತಳ್ಳುತ್ತಿದ್ದರು, ಆ ತಟ್ಟೆ ನೆಲಕ್ಕೆ ಉಜ್ಜುವ ಸದ್ದು ನೆನಪಾಗಿ ನಾನು ಹತ್ತು ದಿನ ಬಾಯಿ ಬಿಡಲಿಲ್ಲ. ಬಾಯಿ ಬಿಡಿಸಿದವರು ಥಾಣೆಯ ಆಸ್ಪತ್ರೆಯ ಕಣ್ಣಿನ ಡಾಕ್ಟರಮ್ಮ, ಚಿಕ್ಕ ವಯಸ್ಸಿನವರು, ದೀಪ ಹಿಡಿದು ನೋಡಿ, ಕಣ್ಣಿನ ಹಿಂದಿನ ಪರದೆ ನಡುವೆ ಸವೆದಿದೆ ಕಾಕಾ, ಇದಕ್ಕೆ ಔಷಧ ಇಲ್ಲ ಅಂತ ಹಿಂದಿಯಲ್ಲಿ ಹೇಳಿ, ಚೀಟಿ ಬರೆಯುತ್ತ ಬರೆಯುತ್ತ ತಾವೇ ಕೇಳಿದರು, ಇಲ್ಲದವರು ಯಾರಾದರೂ ಕಾಣಿಸ್ತಾರಾ? ನಾನು ಅತ್ತುಬಿಟ್ಟೆ, ಆ ವಯಸ್ಸಿನಲ್ಲಿ. ಡಾಕ್ಟರಮ್ಮ ಅಂದರು, ಎಷ್ಟೋ ಜನ ಹೇಳೋಕೆ ನಾಚಿಕೊಳ್ತಾರೆ, ಇದು ಹುಚ್ಚಲ್ಲ, ಕಣ್ಣು ಏನೂ ಕಳಿಸದಿದ್ದರೆ ಮಿದುಳು ಸುಮ್ಮನೆ ಕೂರಲ್ಲ, ತಾನೇ ಏನೋ ಚಿತ್ರ ಬರೆದು ತುಂಬುತ್ತೆ, ನಿಮ್ಮ ತಲೆ ಸರಿಯಿದೆ, ಅಮ್ಮ ನೀವೂ ಕೇಳಿಸಿಕೊಳ್ಳಿ. ರಮಾಮಣಿ ಕೇಳಿಸಿಕೊಂಡಳು. ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ವಾಪಸು ಬರುವಾಗ ಲೋಕಲ್ಲಿನಲ್ಲಿ ನನ್ನ ಕೈ ಹಿಡಿದು, ಯಾರಿಗೂ ಹೇಳೋದು ಬೇಡ, ಸುಪ್ರೀತನಿಗೂ ಬೇಡ, ಮಗ ಆದ್ರೂ ಸರಿ, ಜನ ತಿಳ್ಕೊಳಲ್ಲ, ಹುಚ್ಚು ಅಂತಾರೆ, ನಮ್ಮಿಬ್ಬರಲ್ಲೇ ಇರ್ಲಿ ಅಂದಳು. ಅದನ್ನು ನಾನು ಪ್ರೀತಿ ಅಂದುಕೊಂಡೆ. ಮನೆಗೆ ಬಂದು ನಾನೇ ಉಪಾಯ ಕಂಡುಹಿಡಿದೆ, ಬಂದವರಿಗೆ ಸದ್ದಿಲ್ಲ, ಇರುವವರಿಗೆ ಸದ್ದಿದೆ, ನಿಂತಲ್ಲೇ ನಿಂತರೂ ಮನುಷ್ಯ ಉಸಿರೆಳೆಯುತ್ತಾನೆ, ಸೀರೆ ಸರಭರ ಅನ್ನುತ್ತದೆ, ಅದಕ್ಕೇ, ಚಿನ್ನದ ಬಳೆ ತೆಗೆದಿಟ್ಟು ಗಾಜಿನದು ಹಾಕ್ಕೊ, ಒಂದು ಕೈಗೆ ಆರು, ನೀನು ಅಂತ ಗೊತ್ತಾಗುತ್ತೆ ಅಂದೆ. ನಕ್ಕಳು. ಎಪ್ಪತ್ತು ದಾಟಿದ ಮೇಲೆ ಇವರಿಗೆ ಬಳೆ ಸದ್ದು ಬೇಕಂತೆ! ಆದರೆ ಡೊಂಬಿವಲಿಗೆ ಹೋಗಿ ಹಾಕಿಸಿಕೊಂಡು ಬಂದಳು. ನನ್ನ ಉಪಾಯ ಗೊತ್ತಿದ್ದವಳು ಪ್ರಪಂಚದಲ್ಲಿ ಅವಳೊಬ್ಬಳು.

ಮಾನಪ್ಪನಿಗೂ ನಾನು ಹೇಳಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಸಾಹೇಬರಿಗೆ ಕಣ್ಣು ಮಂಜು, ಓದಕ್ಕಾಗಲ್ಲ ಅಂತ ಮಾತ್ರ. ರಾಯಚೂರಿನವನು, ನಾಲ್ಕನೇ ಇಯತ್ತೆಯವರೆಗೆ ಓದಿದವನು, ಡೊಂಬಿವಲಿ ಸ್ಟೇಷನ್ನಿನ ಅಂಗಡಿಗೆ ಒಂದು ದಿನ ತಡವಾಗಿ ಬರುವ ಕನ್ನಡ ಪೇಪರನ್ನು ಸುಪ್ರೀತ ತಂದಿಟ್ಟಿದ್ದರೆ ಹನ್ನೊಂದು ಗಂಟೆಗೆ ಮೆಟ್ಟಿಲ ಮೇಲೆ ಕೂತು ನನಗೆ ಓದುತ್ತಿದ್ದ, ಒಂದೊಂದೇ ಅಕ್ಷರ, ಬೆರಳಿಟ್ಟು, ಬೆರಳು ಪೇಪರಿನ ಮೇಲೆ ಸರಿಯುವ ಸದ್ದು ನನಗೆ ಕೇಳುತ್ತಿತ್ತು. ವಿ-ಧಾ-ನ, ವಿಧಾನ, ಮಂ-ಡ, ಇದೇನ್ರಿ ಸಾಹೇಬ್ರ, ಮಂಡಿಗಿ? ಮಂಡಲ ಕಣೋ. ಎರಡೂ ಒಂದ ಬಿಡ್ರಿ, ಬಾಯಾಗ ಇಟ್ರ ಒಳಗ ಏನೂ ಇರಂಗಿಲ್ಲ. ಹೀಗೆ. ನಾನು ತಿದ್ದುತ್ತಿದ್ದೆ. ತಿದ್ದುವುದು ನನ್ನ ಕಸುಬು, ವಾಗಳೆ ಎಸ್ಟೇಟಿನ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಮೂವತ್ತೊಂದು ವರ್ಷ, ಕೊನೆಯ ಹದಿನೆಂಟು ವರ್ಷ ಚೆಕರ್, ಬೇರೆಯವರು ಎಳೆದ ನಕ್ಷೆಯ ಒಂದೊಂದು ಅಳತೆಯನ್ನೂ ನೋಡಿ ಸರಿಯಿದ್ದರೆ ಹಳದಿ ಪೆನ್ಸಿಲ್, ತಪ್ಪಿದ್ದರೆ ಕೆಂಪು, ಕೆಳಗೆ ಸಹಿ. ಆ ಸಹಿಗೆ ಒಂದೇ ನಿಯಮ, ಯಾವ ಅಳತೆಯನ್ನೂ ಖಾಲಿ ಬಿಡಬಾರದು, ಸುಮಾರು ಅಂತ ಬರೆಯಬಾರದು, ಖಾಲಿ ಬಿಟ್ಟರೆ ಯಂತ್ರದ ಮುಂದೆ ನಿಂತವನು ತನಗೆ ತೋಚಿದಷ್ಟು ಕೊರೆಯುತ್ತಾನೆ. ಎಷ್ಟು ಅಂತ ಕೇಳಿದರೆ ಅಂಕಿ ಹೇಳಬೇಕು. ಗೊತ್ತಿಲ್ಲ ಅನ್ನುವ ಚೆಕರನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಈ ಅಭ್ಯಾಸ ನಿವೃತ್ತಿಯಾದ ಮೇಲೂ ಹೋಗಲಿಲ್ಲ, ಅದೇ ಕೊನೆಗೆ ನನ್ನ ಕುತ್ತಿಗೆ ಹಿಡಿಯಿತು.

ಹೋದ ವಾರದ ಬುಧವಾರ, ಏಳು ನಲವತ್ತು, ನಾನು ಇದೇ ಕುರ್ಚಿಯಲ್ಲಿ. ಅನಸೂಯಾ ಕೆಳಗೆ ಕಾರುಗಳನ್ನು ತೊಳೆಯುತ್ತಿದ್ದಳು, ಸೊಸೈಟಿಯ ಒಂಬತ್ತು ಕಾರು ಅವಳ ಪಾಲು, ಬಾಲ್ದಿಯನ್ನು ನೆಲಕ್ಕೆ ಇಡುವ ಸದ್ದು, ಬಟ್ಟೆ ಹಿಂಡುವ ಸದ್ದು, ಬಟ್ಟೆಯನ್ನು ಬಾನೆಟ್ಟಿಗೆ ಹೊಡೆಯುವ ಸದ್ದು, ಆಮೇಲೆ ಕಾಲ್ಗೆಜ್ಜೆ ಹಿಂದಕ್ಕೆ ಹೋಯಿತು, ನಮ್ಮದೇ ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ನಂಬರ್ ಪ್ಲೇಟ್ ಒರೆಸುತ್ತಿದ್ದಳು. ಸುಪ್ರೀತ ಇಳಿದು ಹೋದ, ನಮ್ಮ ಮಗ, ಮೂವತ್ತಾರು ವರ್ಷ, ಐರೋಳಿಯಲ್ಲಿ ಆಫೀಸು, ಕಾರು ಕೊಂಡು ಎರಡು ತಿಂಗಳು, ಕೈಯಲ್ಲಿ ಇದ್ದದ್ದು ಲರ್ನಿಂಗ್ ಲೈಸೆನ್ಸು, ಪಕ್ಕದಲ್ಲಿ ಕಲಿಸುವವನು ಕೂರಬೇಕು, ಅಂದು ಕೂತಿರಲಿಲ್ಲ. ಬಾಗಿಲು ಹಾಕಿದ. ಎಂಜಿನ್. ಕಿಟಕಿ ತೆರೆದೇ ಇತ್ತು, ಫೋನಿನಲ್ಲಿ ಯಾರಿಗೋ ಹೊರಟೆ ಅನ್ನುತ್ತಿದ್ದ, ಹಾ ಹಾ, ನಿಕಲ್ ರಹಾ ಹೂಂ, ದಸ್ ಮಿನಿಟ್ – ಕಾರು ಹಿಂದಕ್ಕೆ ಬಂತು, ಮೊದಲು ಪ್ಲಾಸ್ಟಿಕ್ ಬಾಲ್ದಿ ಒಡೆದ ಸದ್ದು, ಟಪ್ ಅಂತ, ನೀರು ಚೆಲ್ಲಿದ ಸದ್ದು, ಆಮೇಲೆ ಯವ್ವಾ. ನಾನು ಎದ್ದು ನಿಂತೆ. ನೇರ ನೋಡಲಿಲ್ಲ, ಅಷ್ಟು ಬುದ್ಧಿ ಆ ಕ್ಷಣದಲ್ಲೂ ಇತ್ತು, ನೀರಿನ ಪೈಪನ್ನು ನೋಡಿದೆ, ಆಗ ಅಂಚಿನಲ್ಲಿ ಕಾಣಿಸಿತು, ಬಿಳಿ ಕಾರು, ಕಪ್ಪು ಚಕ್ರ, ಚಕ್ರದ ಕೆಳಗಿನಿಂದ ಹೊರಬಂದ ಒದ್ದೆ ಪಾದ, ಬಲಗಾಲು, ಬಿರುಕುಬಿಟ್ಟ ಹಿಮ್ಮಡಿ, ಹಿಮ್ಮಡಿ ಮಾತ್ರ, ಮುಂಭಾಗ ಚಕ್ರದ ಅಡಿಗೆ. ಕಾರು ಮುಂದಕ್ಕೆ ಹೋಯಿತು. ಅವನು ಇಳಿದ. ಇಳಿದವನು ಆಡಿದ ಮೊದಲ ಮಾತು, ನಾನು ಕೇಳಿದ್ದೇನೆ, ಎಷ್ಟು ವರ್ಷ ಬದುಕಿದರೂ ಕೇಳುತ್ತಲೇ ಇರುತ್ತೇನೆ, ಅರೇ, ಟಾಕೀ ಕಾ ಢಕ್ಕನ್ ಗಿರಾ ಕ್ಯಾ? ನೀರಿನ ಟಾಕಿಯ ಕಬ್ಬಿಣದ ಮುಚ್ಚಳ ಕಾಲ ಮೇಲೆ ಬಿತ್ತಾ ಅಂತ ಅವಳನ್ನೇ ಕೇಳುತ್ತಿದ್ದಾನೆ, ಅವಳು ಕಿರುಚುತ್ತಿದ್ದಾಳೆ, ಇವನು ಇನ್ನೊಮ್ಮೆ ಜೋರಾಗಿ, ಮೂರು ಮಹಡಿಗೂ ಕೇಳುವ ಹಾಗೆ, ಢಕ್ಕನ್ ಗಿರಾ, ಢಕ್ಕನ್. ಜನ ಕಿಟಕಿಗೆ ಬರುವ ಹೊತ್ತಿಗೆ ಕಾರು ಗೇಟಿನ ಹತ್ತಿರ ಇತ್ತು. ಪಂಪಿನ ಕೋಣೆಯಿಂದ ಮಾನಪ್ಪ ಓಡಿಬಂದ. ರಿಕ್ಷಾದಲ್ಲಿ ಕರೆದುಕೊಂಡು ಹೋದ. ಸುಪ್ರೀತ ಆಫೀಸಿಗೆ ಹೋದ. ಅಷ್ಟು ಬೇಗ ಸುಳ್ಳು ಹುಟ್ಟುತ್ತದೆ ಅಂತ ನನಗೆ ಗೊತ್ತಿರಲಿಲ್ಲ, ನಕ್ಷೆ ಎಳೆಯುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಅಂದೇ ಮಧ್ಯಾಹ್ನ ಹಳೆ ಸಾಮಾನು ಕೊಳ್ಳುವ ಭಂಗಾರಿನವನು ಕೂಗಿದ. ರಮಾಮಣಿ ಮೆಟ್ಟಿಲಿಳಿದು ಹೋದದ್ದು ಬಳೆಯಿಂದ ಗೊತ್ತಾಯಿತು, ಕೆಳಗೆ ಅವನ ಜೊತೆ ಮಾತು, ಫುಟಲೇಲಿ ಬಾಲ್ದಿ ಆಹೇ, ಒಡೆದ ಬಾಲ್ದಿ ಇದೆ, ತಗೊಂಡು ಹೋಗು, ದುಡ್ಡು ಬೇಡ. ನಮ್ಮ ಮನೆಯಲ್ಲಿ ಒಡೆದ ಬಾಲ್ದಿ ಎಲ್ಲಿತ್ತು ಅಂತ ನಾನು ಕೇಳಲಿಲ್ಲ. ದುಡ್ಡು ಬೇಡ ಅಂತ ಅವಳು ಭಂಗಾರಿನವನಿಗೆ ಹೇಳಿದ್ದು ನಲವತ್ತು ವರ್ಷದಲ್ಲಿ ಅದೇ ಮೊದಲು, ಆಗಲೂ ನಾನು ಯೋಚಿಸಲಿಲ್ಲ, ಭಾನುವಾರ ಮೆಟ್ಟಿಲು ಹತ್ತುವಾಗ ಯೋಚಿಸಿದೆ, ತಡವಾಗಿ. ಗುರುವಾರ ಸುಪ್ರೀತ ನನ್ನ ಪಕ್ಕ ಬಂದು ಕೂತ, ಚಿಕ್ಕವನಿದ್ದಾಗ ಮಾರ್ಕ್ಸ್ ಕಾರ್ಡ್ ತಂದು ಕೂರುತ್ತಿದ್ದ ಹಾಗೆ, ಅಪ್ಪಾ, ವೋ ಲೋಗ್ ಬೋಲ್ ರಹೇ ಹೈ ಮೇರೀ ಗಾಡಿ ಥೀ, ಪೊಲೀಸ್ ಕೇಸ್ ಹುವಾ ತೋ ನೌಕರಿ ಗಯೀ, ಅವರು ಅವನ ಗಾಡಿ ಅನ್ನುತ್ತಿದ್ದಾರಂತೆ, ಕೇಸಾದರೆ ಕೆಲಸ ಹೋಗುತ್ತದಂತೆ. ನಿನ್ನ ಗಾಡಿಯೇ ಅಲ್ವೇನೋ ಅಂತ ಕೇಳಬೇಕಿತ್ತು. ಕೇಳಲಿಲ್ಲ. ನೀವು ನೋಡಿದಿರಾ ಅಂತ ಅವನೂ ನನ್ನನ್ನು ಕೇಳಲಿಲ್ಲ, ಕುರುಡನನ್ನು ಯಾರು ಕೇಳುತ್ತಾರೆ. ಕೇಳಿದವನು ಮಾನಪ್ಪ. ಶನಿವಾರ ಆಸ್ಪತ್ರೆಗೆ ಬಟ್ಟೆ ತೆಗೆದುಕೊಂಡು ಹೋಗಲು ಬಂದವನು ಬಾಗಿಲ ಹತ್ತಿರ ನಿಂತು ಅಂದ, ಸಾಹೇಬ್ರ, ಮುಚ್ಚಳ ಬಿತ್ತು ಅನ್ನಾಕತ್ತಾರ, ಆಕಿ ಟಾಕಿ ಹತ್ರನ ಹೋಗಿಲ್ರಿ, ನೀವು ಮ್ಯಾಲೆ ಕುಂತಿದ್ರಲ್ಲ, ನಿಮಗರ ಕಾಣಿಸ್ತೇನ್ರಿ? ಕಾಣಿಸಿತು ಅಂದೆ. ಅವನು ಉಸಿರು ಬಿಟ್ಟ. ನಾಳೆ ಮೀಟಿಂಗ್ ಅದರಿ, ಅಷ್ಟು ಹೇಳ್ರಿ ಸಾಕು, ಹೆಚ್ಚಿಗಿ ಏನೂ ಬ್ಯಾಡ. ನನಗೂ ಹೆಚ್ಚಿಗೆ ಬೇಕಾಗಿರಲಿಲ್ಲ, ಮಗನನ್ನು ಜೈಲಿಗೆ ಹಾಕಿಸುವ ಆಸೆ ಯಾವ ಅಪ್ಪನಿಗೂ ಇರುವುದಿಲ್ಲ, ನಾನು ಹೇಳಿದ ಮೇಲೆ ಅವನು ಎಲ್ಲರೆದುರು ಹೌದು ತಪ್ಪಾಯಿತು ಅನ್ನಲಿ, ಆಸ್ಪತ್ರೆಯ ಖರ್ಚು ನೋಡಿಕೊಳ್ಳಲಿ, ಅವಳ ಹತ್ತಿರ ಹೋಗಿ ನಿಲ್ಲಲಿ, ಇಷ್ಟೇ ಲೆಕ್ಕ ಹಾಕಿದ್ದೆ. ರಮಾಮಣಿ ಕೊತ್ತಂಬರಿ ಬಿಡಿಸುತ್ತಿದ್ದಳು. ಅವಳಿಗೆ ಹೇಳಿದೆ, ನಾನು ನೋಡಿದ್ದೀನಿ, ನಾಳೆ ಹೇಳ್ತೀನಿ. ಕೊತ್ತಂಬರಿ ಬಿಡಿಸುವ ಸದ್ದು ನಿಂತಿತು. ಆಮೇಲೆ, ನಿಮಗೆ ಕಂಡಿದ್ದು ನೀವು ಹೇಳಿ, ನಾನು ಬೇಡ ಅನ್ನಲ್ಲ ಅಂದಳು. ಮತ್ತೆ ಬಿಡಿಸತೊಡಗಿದಳು. ಆ ಸಂಜೆ ಕೇಳದೆಯೇ ಎರಡನೇ ಸಲ ಕಾಫಿ ಕೊಟ್ಟಳು. ನಲವತ್ತನಾಲ್ಕು ವರ್ಷ ಸಂಸಾರ ಮಾಡಿದ್ದಕ್ಕೆ ಇವಳಂಥವಳು ಸಿಕ್ಕಳಲ್ಲ ಅಂತ ಬೇರೆ ಅಂದುಕೊಂಡೆ, ಕಾಫಿ ಕುಡಿಯುತ್ತ.

ಭಾನುವಾರ ಹತ್ತು ಗಂಟೆ, ಮೆಟ್ಟಿಲ ಕೆಳಗಿನ ಸೊಸೈಟಿ ಆಫೀಸು, ಕಿಟಕಿಯಿಲ್ಲ, ಒಂದು ಟ್ಯೂಬ್‌ಲೈಟು, ಪ್ಲಾಸ್ಟಿಕ್ ಕುರ್ಚಿಗಳು, ಇಸ್ತ್ರಿ ಮಾಡಿದ ಶರ್ಟ್ ಅವಳೇ ಹಾಕಿಸಿದಳು, ತೋಳು ಹಿಡಿದು ಅವಳೇ ಇಳಿಸಿದಳು, ಕುರ್ಚಿಯಲ್ಲಿ ಕೂರಿಸಿ ದೂರ ಹೋದಳು. ಸೆಕ್ರೆಟರಿ ವೈಶಂಪಾಯನ, ಒಳ್ಳೆಯವನೇ, ಬ್ಯಾಂಕಿನಲ್ಲಿದ್ದವನು, ಕಾಕಾ ಸಾಂಗಾ, ಏನು ನೋಡಿದಿರಿ ಹೇಳಿ ಅಂದ. ಹೇಳಿದೆ. ಒಂದು ಮಾತು ಹೆಚ್ಚಿಲ್ಲ ಒಂದು ಮಾತು ಕಡಿಮೆಯಿಲ್ಲ, ಏಳು ನಲವತ್ತು, ಕಾರು ಹಿಂದಕ್ಕೆ, ಬಾಲ್ದಿ, ಕಾಲು, ಟಾಕಿಯ ಮುಚ್ಚಳ ಮುಚ್ಚಿಯೇ ಇತ್ತು, ಅದು ಬೀಳುವ ಸದ್ದು ನನಗೆ ಗೊತ್ತು, ಅಂದು ಕೇಳಲಿಲ್ಲ. ಬಾಗಿಲ ಹತ್ತಿರ ಟೋಪಿ ಹಾಕಿದವನೊಬ್ಬ ನಿಂತಿದ್ದ, ನಮ್ಮ ಸೊಸೈಟಿಯಲ್ಲಿ ಟೋಪಿ ಹಾಕುವವನು ವಾಚ್‌ಮನ್ ಒಬ್ಬನೇ, ಮಾನಪ್ಪ, ನಾನು ಅವನ ಕಡೆ ತಿರುಗಿ ಹೇಳಿದೆ, ಅವನಿಗೆ ಧೈರ್ಯವಾಗಲಿ ಅಂತ. ಯಾರೋ ಕೆಮ್ಮಿದರು. ಆಗ ಹಿಂದಿನಿಂದ ರಮಾಮಣಿಯ ದನಿ. ಮರಾಠಿಯಲ್ಲಿ. ಅರವತ್ತೆಂಟನೇ ಇಸವಿಯಲ್ಲಿ ಮೈಸೂರಿನಿಂದ ಬಂದಾಗ ಎರಡು ರೂಪಾಯಿಗೆ ಎಷ್ಟು ಬದನೆಕಾಯಿ ಅಂತ ಕೇಳಲು ಬಾರದವಳಿಗೆ ರಾತ್ರಿ ಕೂರಿಸಿಕೊಂಡು ನಾನು ಕಲಿಸಿದ ಮರಾಠಿ, ಈಗ ಅದರಲ್ಲೇ, ತಡವರಿಸದೆ, ಇವರಿಗೆ ಎರಡು ವರ್ಷದಿಂದ ಇಲ್ಲದವರೆಲ್ಲ ಕಾಣಿಸುತ್ತಾರೆ, ನಮ್ಮ ಅಡುಗೆಮನೆಯಲ್ಲಿ ಟೋಪಿ ಹಾಕಿದ ಗಂಡಸರಿದ್ದಾರಂತೆ, ಇವರು ಅವರಿಗೆ ದಾರಿ ಬಿಟ್ಟು ನಡೆಯುತ್ತಾರೆ, ಹಾಸಿಗೆಯ ಮೇಲೆ ಬೇಲಿಯಿದೆ ಅಂತ ನೆಲದ ಮೇಲೆ ಮಲಗುತ್ತಾರೆ, ನಾನು ಮಾನಕ್ಕೆ ಅಂಜಿ ಯಾರಿಗೂ ಹೇಳಿರಲಿಲ್ಲ. ಒಬ್ಬರು ನಕ್ಕರು, ಕೆಟ್ಟ ನಗೆಯಲ್ಲ, ಅಯ್ಯೋ ಪಾಪ ಅನ್ನುವ ನಗೆ, ಅದು ಇನ್ನೂ ಕೆಟ್ಟದ್ದು. ನಾನು ಎದ್ದು ನಿಂತೆ, ಡಾಕ್ಟರು ಹೇಳಿದ್ದಾರೆ, ಇದು ಹುಚ್ಚಲ್ಲ, ಯಾವುದು ಇದೆ ಯಾವುದು ಇಲ್ಲ ನನಗೆ ಗೊತ್ತಾಗುತ್ತೆ, ಗೊತ್ತಾಗೋದು ಹೇಗೆ ಅಂದರೆ – ಅವಳು ಮುಗಿಸಲು ಬಿಡಲಿಲ್ಲ. ವೈಶಂಪಾಯನ ಭಾವೂಜಿ, ಈ ಕೋಣೆಯಲ್ಲಿ ಎಷ್ಟು ಜನ ಇದ್ದಾರೆ ಅಂತ ಅವರನ್ನೇ ಕೇಳಿ. ಮತ್ತೆ, ಸ್ವಲ್ಪ ತಗ್ಗಿದ ದನಿಯಲ್ಲಿ, ಎಲ್ಲರಿಗೂ – ಕೋಣೀ ಬೋಲೂ ನಕಾ. ಯಾರೂ ಮಾತಾಡಬೇಡಿ.

ಯಾರೂ ಮಾತಾಡಲಿಲ್ಲ. ಫ್ಯಾನ್ ತಿರುಗುತ್ತಿತ್ತು, ಅದರ ಗರಗರ ಎಲ್ಲರ ಉಸಿರನ್ನೂ ನುಂಗಿತು. ಬಳೆ ಇಲ್ಲ. ಆರೂ ಆರೂ ಹನ್ನೆರಡು ಗಾಜಿನ ಬಳೆ, ಒಂದೂ ಇಲ್ಲ, ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಿದ್ದಾಳೆ, ಹಿಡಿದುಕೊಂಡೇ ಬಂದಿದ್ದಾಳೆ. ಕಾಕಾ, ಕಿತೀ? ಎಷ್ಟು? ಗೊತ್ತಿಲ್ಲ ಅನ್ನಬಹುದಿತ್ತು. ಮಾತಾಡಿಸಿ, ಆಗ ಹೇಳುತ್ತೇನೆ ಅನ್ನಬಹುದಿತ್ತು, ಒಂದೇ ಒಂದು ಮಾತು, ಒಂದು ಮಗುವಿಗೂ ಹೊಳೆಯುವ ಮಾತು. ಚೆಕರಿಗೆ ಹೊಳೆಯಲಿಲ್ಲ. ಎಷ್ಟು ಅಂತ ಕೇಳಿದ್ದಾರೆ, ಅಂಕಿ ಹೇಳಬೇಕು, ನಾನು ಕತ್ತನ್ನು ಆಚೆ ಈಚೆ ತಿರುಗಿಸಿ ಅಂಚಿನಿಂದ ಎಣಿಸತೊಡಗಿದೆ, ಗೋಡೆಯ ಸಾಲು ಐದು, ಮೇಜಿನ ಹಿಂದೆ ಎರಡು, ಬಲಕ್ಕೆ ಮೂರು, ಹಿಂದೆ ಎರಡು, ಬಾಗಿಲ ಹತ್ತಿರ ಟೋಪಿ. ಯಾವಾಗಲೂ ಇಲ್ಲದವರು ತೀರಾ ಚೊಕ್ಕ ಕಾಣುತ್ತಾರೆ, ಅದರಿಂದಲೂ ಗುರುತಿಸುತ್ತಿದ್ದೆ, ಅಂದು ಅವರೂ ಮೋಸ ಮಾಡಿದರು, ಜರಿಯಿಲ್ಲ, ಗುಂಡಿಯಿಲ್ಲ, ಪ್ಯಾಂಟು ಶರ್ಟು ಹಾಕಿಕೊಂಡು ಮಂಕಾಗಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮೆಂಬರುಗಳ ಹಾಗೆ ಕೂತುಬಿಟ್ಟಿದ್ದರು. ತೇರಾ ಅಂದೆ. ಹದಿಮೂರು, ಮಾನಪ್ಪನನ್ನೂ ಸೇರಿಸಿ. ಒಂದು ಕುರ್ಚಿ ಕಿರುಗುಟ್ಟಿತು. ವೈಶಂಪಾಯನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ, ಕಾಕಾ, ನಿಮ್ಮನ್ನು ಬಿಟ್ಟು ನಾವು ಒಂಬತ್ತೇ ಜನ, ಮಾನಪ್ಪನನ್ನು ಒಳಗೆ ಕರೆದೇ ಇಲ್ಲ, ಅವನು ಗೇಟಿನ ಹತ್ತಿರ ಇದ್ದಾನೆ. ಸುಪ್ರೀತ ಬಂದು ನನ್ನ ಭುಜ ಹಿಡಿದ, ಜಾನೇ ದೋ ಅಂಕಲ್, ಪಪ್ಪಾ ಬೀಮಾರ್ ಹೈ. ಹುಷಾರಿಲ್ಲವಂತೆ, ಜ್ವರಕ್ಕೂ ಒಂದು ದಿನ ರಜೆ ಹಾಕಿದವನಲ್ಲ ನಾನು. ಮೆಟ್ಟಿಲು ಹತ್ತುವಾಗ ಬಳೆ ಮತ್ತೆ ಸದ್ದು ಮಾಡಿದವು. ನಾಲ್ಕನೇ ಮೆಟ್ಟಿಲಲ್ಲಿ ಅಂದಳು, ನಿಮ್ಮ ಮಗ ಅಲ್ವೇನ್ರೀ. ಹತ್ತನೆಯದರಲ್ಲಿ, ನನ್ನ ಮೇಲೆ ಕೋಪ ಮಾಡ್ಕೊಳಿ, ಅವನ ಮೇಲೆ ಬೇಡ. ಅಂದಿನಿಂದ ಅವಳನ್ನು ಏನೂ ಕೇಳುವುದಿಲ್ಲ, ಉಪ್ಪು ಬೇಕಾದರೂ ಎದ್ದು ಹೋಗಿ ತಡವಿಕೊಂಡು ಹಾಕಿಕೊಳ್ಳುತ್ತೇನೆ. ಕೋಪವಲ್ಲ ಅದು. ಅವಳಿಗೆ ಗೊತ್ತಿತ್ತಲ್ಲ, ಡಾಕ್ಟರಮ್ಮನ ಸ್ಟೂಲಿನ ಮೇಲೆ ಕೂತು ಕೇಳಿದ್ದಳಲ್ಲ. ಹುಚ್ಚ ಅಂತ ನಂಬಿ ಹೇಳಿದ್ದರೆ ಬೇರೆ ಮಾತು. ಹುಚ್ಚನಲ್ಲ ಅಂತ ಗೊತ್ತಿದ್ದವಳು ಹುಚ್ಚ ಅಂದಳು, ಯಾವ ಕಡೆ ಒತ್ತಿದರೆ ಮುರಿಯುತ್ತೇನೆ ಅಂತ ಗೊತ್ತಿದ್ದವಳು ಅಲ್ಲೇ ಒತ್ತಿದಳು. ಸೊಸೈಟಿಯ ಪುಸ್ತಕದಲ್ಲಿ ಬರೆದರಂತೆ, ಮುಚ್ಚಳ ಬಿದ್ದದ್ದು ಆಕೆಯ ಅಜಾಗರೂಕತೆಯಿಂದ, ಸುಳ್ಳು ಆರೋಪ ಮಾಡಿದ್ದಕ್ಕೆ ವಾಚ್‌ಮನ್ ಕೋಣೆ ಬಿಡತಕ್ಕದ್ದು. ಅಂದಿನಿಂದ ಟೋಪಿಯವರು ಬಂದಿಲ್ಲ. ಬಾಚಿಕೊಳ್ಳುವ ಹೆಂಗಸರೂ ಇಲ್ಲ. ಕಣ್ಣಿನ ನಡುವಿನ ಬೂದಿ ಕಲೆಯಲ್ಲಿ ಈಗ ಬರುವುದು ಒಂದು ಪಾದ, ಬಲಗಾಲು, ಒದ್ದೆ, ಅಂದು ಚಕ್ರದ ಅಡಿಗೆ ಸಿಕ್ಕಿ ಕಾಣದೆ ಹೋದ ಮುಂಭಾಗವೂ ಸೇರಿ ಇಡೀ ಪಾದ, ಉಗುರು ಸಮೇತ, ಅನ್ನದ ತಟ್ಟೆಯಲ್ಲಿ ಬರುತ್ತದೆ, ಗೋಡೆಯ ಮೇಲೆ ಬರುತ್ತದೆ, ರಮಾಮಣಿಯ ಮುಖ ಇರಬೇಕಾದ ಜಾಗದಲ್ಲಿ ಬರುತ್ತದೆ.

ಸಾಹೇಬ್ರ. ಕೆಳಗಿನ ದನಿ. ಗ್ಯಾಲರಿಯ ಅಡಿಗೇ ಬಂದು ನಿಂತಿದ್ದಾನೆ. ಹೊಂಟೀವ್ರಿ. ಎಲ್ಲಿಗಪ್ಪಾ ಅಂದೆ, ನನ್ನ ದನಿ ನನಗೇ ಸಣ್ಣದಾಗಿ ಕೇಳಿತು. ಘಣಸೋಲಿಗ್ರಿ, ನಮ್ಮ ಭಾವ ಶಿವರಾಯ ಅಲ್ಲಿ ಸೈಟಿನ್ಯಾಗ ಅದಾನ, ತಗಡಿನ ಪತ್ರಾ ಶೆಡ್ ಕೊಡ್ತಾರಂತ, ಹನ್ನೆರಡು ಮಾಳಿಗಿ ಕಟ್ಟಾಕತ್ತಾರ, ಕಟ್ಟೋ ತನಕ ತಲಿ ಮ್ಯಾಲೆ ಪತ್ರಾ ಇರ್ತದ. ಅಡುಗೆಮನೆಯಲ್ಲಿ ಬಳೆ ಸದ್ದು ನಿಂತಿದೆ, ಕೇಳಿಸಿಕೊಳ್ಳುತ್ತಿದ್ದಾಳೆ, ಕೇಳಿಸಿಕೊಳ್ಳಲಿ. ಹದಿಮೂರು ಮಂದಿ ಅಂದ್ರಂತಲ್ರಿ ಸಾಹೇಬ್ರ. ಅದರಾಗ ನಾನೂ ಇದ್ನಂತ. ಹೌದು ಕಣೋ. ಅವನು ನಕ್ಕ, ಮೂಗಿನಲ್ಲಿ, ಅವರು ನನಗ ಒಳಗ ಬಿಡಲಿಲ್ರಿ, ನೀವರ ಕರಕೊಂಡ್ರಿ. ಮಾನಪ್ಪಾ, ನಾನು ನೋಡಿದ್ದು ನಿಜ, ಕಾರು ನೋಡಿದ್ದು ನಿಜ ಕಣೋ. ಗೊತ್ತದರಿ. ನಿಮಗ ಗೊತ್ತದ, ನನಗ ಗೊತ್ತದ, ಅಮ್ಮಾರಿಗೂ ಗೊತ್ತದ, ಅದನ್ನ ತಗೊಂಡು ಏನ್ ಮಾಡಬೇಕ್ರಿ ಈಗ, ಉಪ್ಪಿನಕಾಯಿ ಹಾಕಬೇಕೇನು? ಟೆಂಪೋದವನು ಹಾರ್ನ್ ಹೊಡೆದ. ಏ ತಡಿಯೋ, ಹಿರ್ಯಾರ ಜೋಡಿ ಮಾತಾಡಾಕತ್ತೀನಿ. ಇನ್ನೂ ಹಿರಿಯರು ಅನ್ನುತ್ತಾನೆ. ಬೈದಿದ್ದರೆ ಚೆನ್ನಾಗಿತ್ತು. ಅನಸೂಯಾ ಹೇಗಿದ್ದಾಳೆ ಅಂತ ಕೇಳಿದೆ, ಕೇಳಬಾರದಿತ್ತು, ಹತ್ತು ದಿನದಲ್ಲಿ ಒಂದು ಸಲವೂ ಯಾರನ್ನೂ ಕೇಳದವನು. ಮುಂದ ಕುಂತಾಳ್ರಿ, ಡ್ರೈವರನ ಬಾಜೂಕ, ಕಾಲು ಟ್ರಂಕಿನ ಮ್ಯಾಲೆ ಇಟ್ಕೊಂಡು, ನೋಡ್ರಿ ಬೇಕಾದ್ರ. ನಾನು ನೀರಿನ ಪೈಪಿನ ಕಡೆ ಕತ್ತು ತಿರುಗಿಸಿದೆ. ಅಂಚಿನಲ್ಲಿ ಟೆಂಪೋದ ತೆರೆದ ಬಾಗಿಲು, ಬಾಗಿಲಲ್ಲಿ ಬಿಳಿ ಗಂಟು, ಬ್ಯಾಂಡೇಜು, ಅದು ಕಾಲಿಗಿಂತ ಗಿಡ್ಡವಾಗಿ ಮುಗಿಯುತ್ತದೆ. ಬೆರಳು ತಗದರ್ರಿ, ಕೊಳಿಯಾಕತ್ತಿತ್ತು ಅಂದ್ರು ಡಾಕ್ಟ್ರು. ಎಷ್ಟು ಅಂದೆ. ಬಾಯಿಗೆ ಅದೊಂದೇ ಮಾತು ಬರುತ್ತದೆ, ಎಷ್ಟು. ಅವನು ಲೆಕ್ಕ ಹಾಕುವವನ ಹಾಗೆ ನಿಧಾನವಾಗಿ, ಪೇಪರ್ ಓದುವಾಗ ಒಂದೊಂದೇ ಅಕ್ಷರಕ್ಕೆ ಬೆರಳಿಡುವವನ ಹಾಗೆ, ದೊಡ್ಡದು, ಅದರ ಬಾಜೂದು, ಅದರ ಬಾಜೂದು. ಬರ್ತೀವ್ರಿ. ಬಾಗಿಲು ಹಾಕಿದ ಸದ್ದು, ಎಂಜಿನ್, ಗೇಟು, ರಸ್ತೆಗೆ ಇಳಿಯುವಾಗ ಪಾತ್ರೆಗಳೆಲ್ಲ ಒಮ್ಮೆಲೇ ಅಲ್ಲಾಡಿದ ಸದ್ದು, ಆಮೇಲೆ ಅದೂ ಇಲ್ಲ, ನಾನು ನೇರ ನೋಡುತ್ತಿದ್ದೇನೆ, ನೇರ ನೋಡಿದ ಕಡೆ ಮತ್ತೆ ಆ ಪಾದ ಬಂದು ನಿಂತಿದೆ, ಒದ್ದೆ, ಸದ್ದಿಲ್ಲ, ಉಗುರಿನ ಸಂದಿಯ ಮಣ್ಣು ಕೂಡ ಕಾಣುತ್ತದೆ, ಎಣಿಸುತ್ತೇನೆ, ಕಿರುಬೆರಳಿನಿಂದ ಶುರುಮಾಡಿ ಎಣಿಸುತ್ತೇನೆ, ಮತ್ತೊಮ್ಮೆ ಎಣಿಸುತ್ತೇನೆ, ಐದು ಕಾಣುತ್ತವೆ. ಹೋದದ್ದು ಮೂರು.